ಟಿ ಸೆಲ್‌ಗಳು: ಯಾವುವು ಸಾಯ್ತವೆ, ಯಾವುವು ಉಳೀತವೆ, ಯಾವುವು ಸುಸ್ತಾಗ್ತವೆ

ಗಂಟಲು ಕೆಟ್ಟು ಜ್ವರ ಬಂದಾಗ ದವಡೆ ಕೆಳಗೆ ಬೆರಳಿಟ್ಟು ಒತ್ತಿ ನೋಡಿದ್ರೆ ಗೋಲಿ ಥರ ಒಂದು ಗಂಟು ಕೈಗೆ ಸಿಗತ್ತೆ, ಮುಟ್ಟಿದ್ರೆ ನೋವು, ಆಮೇಲೆ ವಾರ ಹತ್ತು ದಿನ ಕಳೆಯೋದ್ರೊಳಗೆ ಹೇಳದೆ ಕೇಳದೆ ಕರಗಿ ಹೋಗತ್ತೆ. ಇದನ್ನ ಚಿಕ್ಕವರಿದ್ದಾಗಿಂದ ಎಲ್ಲರೂ ನೋಡಿರ್ತೀವಿ. ಗಂಟು ಯಾಕೆ ಬಂತು ಅಂತ ಕೇಳೋರು ಇದಾರೆ, ಯಾಕೆ ಕರಗ್ತು ಅಂತ ಕೇಳೋರು ಕಡಿಮೆ. ಬಂದಿದ್ದು ಯಾಕೆ ಅಂದ್ರೆ ಅಲ್ಲಿರೋ ಲಿಂಫ್ ಗ್ರಂಥಿ ಒಳಗೆ ಟಿ ಸೆಲ್ ಥರದ ಬಿಳಿ ರಕ್ತಕಣಗಳು ಬಂದು ಸೇರ್ಕೊಂಡು, ಒಂದು ಎರಡಾಗಿ ಎರಡು ನಾಲ್ಕಾಗಿ ಬಿಡುವಿಲ್ಲದೆ ಒಡೀತಾ ಇದ್ವು. ಕರಗಿದ್ದು ಯಾಕೆ ಅಂದ್ರೆ ಹಾಗೆ ಹುಟ್ಟಿದವು ಕೆಲಸಕ್ಕೆ ಹೊರಟ್ವು, ಕೆಲಸ ಮುಗಿದ ಮೇಲೆ ಅವುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸತ್ತು ಹೋದ್ವು.

ಆ ಸಾವಿನ ಬಗ್ಗೆನೇ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ. ಟಿ ಸೆಲ್ ಅಂದ್ರೆ ದೇಹದ ಸೈನಿಕ ಅಂತ ಶಾಲೆ ಪುಸ್ತಕದಿಂದ ಹಿಡಿದು ಎಲ್ಲ ಕಡೆ ಬರೆದಿರ್ತಾರೆ, ಅದು ತಪ್ಪಲ್ಲ, ಆದ್ರೆ ಅಷ್ಟಕ್ಕೇ ನಿಂತ್ರೆ ಅರ್ಧ ಕಥೆ ಬಿಟ್ಟ ಹಾಗೆ. ಒಂದು ಟಿ ಸೆಲ್‌ಗೆ ಹೊಡೆಯೋದು ಎಷ್ಟು ಗೊತ್ತಿರ್ಬೇಕೋ ಅಷ್ಟೇ ಯಾವಾಗ ಸಾಯ್ಬೇಕು, ಯಾವಾಗ ಉಳೀಬೇಕು, ಯಾವಾಗ ಕೈ ತಡೀಬೇಕು ಅನ್ನೋದೂ ಗೊತ್ತಿರ್ಬೇಕು. ಇದನ್ನ ಅದಕ್ಕೆ ಕಲಿಸೋದು ಬಹುಮಟ್ಟಿಗೆ ಬಂದ ಸೋಂಕೇ. ಎಷ್ಟು ದಿನ ಇತ್ತು, ಎಷ್ಟು ಜಾಸ್ತಿ ಇತ್ತು, ಸುತ್ತಮುತ್ತ ಎಷ್ಟು ಗಲಾಟೆ ಎಬ್ಬಿಸ್ತು, ಇದರ ಮೇಲೆ ಆ ಸೆಲ್‌ನ ಹಣೆಬರಹ ನಿಂತಿರತ್ತೆ.

ಮೊದಲು ಹುಟ್ಟಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಟಿ ಸೆಲ್‌ಗಳ ಮೂಲ ಮೂಳೆ ಮಜ್ಜೆ, ಆದ್ರೆ ಬೆಳೆಯೋದು ಎದೆಮೂಳೆ ಹಿಂದೆ ಇರೋ ಥೈಮಸ್ ಅನ್ನೋ ಗ್ರಂಥಿಲಿ, ಟಿ ಅನ್ನೋ ಅಕ್ಷರ ಬಂದಿದ್ದೇ ಅದರಿಂದ. 1961ರವರೆಗೂ ಥೈಮಸ್ ಯಾಕಿದೆ ಅಂತಾನೇ ಯಾರಿಗೂ ಸರಿಯಾಗಿ ಗೊತ್ತಿರ್ಲಿಲ್ಲ, ಜಾಕ್ ಮಿಲ್ಲರ್ ಅನ್ನೋ ವಿಜ್ಞಾನಿ ಆಗ ತಾನೇ ಹುಟ್ಟಿದ ಇಲಿಮರಿಗಳಿಂದ ಅದನ್ನ ತೆಗೆದು ನೋಡಿದ್ರು, ಆ ಮರಿಗಳ ರೋಗನಿರೋಧಕ ಶಕ್ತಿ ಕುಸಿದು ಬಿತ್ತು. ಥೈಮಸ್ ಒಳಗೆ ಹೋದ ಸೆಲ್‌ಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಅಲ್ಲೇ ಸಾಯ್ತವೆ, ಕೆಲವು ನಮ್ಮ ದೇಹವನ್ನೇ ಶತ್ರು ಅಂದ್ಕೊಳ್ಳೋ ಅಪಾಯ ಇರತ್ತೆ, ಬಹಳಷ್ಟು ಏನನ್ನೂ ಗುರುತಿಸೋಕೆ ಬರದವು. ಅಂದ್ರೆ ಒಂದು ಸೋಂಕನ್ನೂ ಕಣ್ಣಲ್ಲಿ ನೋಡೋ ಮೊದಲೇ ಇಷ್ಟೊಂದು ಸಾವು.

ಹೊರಗೆ ಬಂದ ಹೊಸ ಟಿ ಸೆಲ್ ರಕ್ತದಲ್ಲಿ, ಗುಲ್ಮದಲ್ಲಿ, ಲಿಂಫ್ ಗ್ರಂಥಿಗಳಲ್ಲಿ ಸುತ್ತುತ್ತಾ ಇರತ್ತೆ. ಸುಮ್ನೆ ಸುತ್ತೋಕೂ ಅದಕ್ಕೆ ಅನುಮತಿ ಬೇಕು: ಇಂಟರ್‌ಲ್ಯೂಕಿನ್-7 ಅನ್ನೋ ಒಂದು ಪ್ರೋಟೀನ್ ಆಗಾಗ ಸಿಗ್ತಾ ಇರ್ಬೇಕು, ಜೊತೆಗೆ ದೇಹದ ಸ್ವಂತ ಪ್ರೋಟೀನ್ ತುಣುಕುಗಳನ್ನ ಮೆಲ್ಲಗೆ ಮುಟ್ಟಿ ನೋಡ್ತಾ ಇರ್ಬೇಕು. ಇವೆರಡರಲ್ಲಿ ಒಂದು ತಪ್ಪಿದ್ರೂ ಅದು ಕ್ರಮೇಣ ಸಾಯತ್ತೆ. ಇಂಟರ್‌ಲ್ಯೂಕಿನ್-7 ಎಲ್ಲರಿಗೂ ಸಾಕಾಗೋಷ್ಟು ತಯಾರಾಗಲ್ಲ, ಹಾಗಾಗಿ ಎಷ್ಟು ಸೆಲ್ ಬದುಕ್ಬೇಕು ಅನ್ನೋದಕ್ಕೆ ಇದೇ ಒಂದು ಮಿತಿ.

ಇನ್ನು ಸೋಂಕು ಬಂತು ಅನ್ಕೊಳ್ಳಿ. ಒಂದು ವೈರಸ್‌ನ ಒಂದು ತುಣುಕನ್ನ ಗುರುತಿಸೋ ಹೊಸ ಟಿ ಸೆಲ್‌ಗಳು ಸುಮಾರು ಲಕ್ಷಕ್ಕೊಂದರಿಂದ ಹತ್ತು ಲಕ್ಷಕ್ಕೊಂದು ಇರ್ತವೆ, ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕೋದು ಅಂತಾರಲ್ಲ ಹಾಗೆ. ಅದೂ ಅಲ್ದೆ ಟಿ ಸೆಲ್‌ಗೆ ವೈರಸ್ ನೇರವಾಗಿ ಕಾಣಲ್ಲ, ಇನ್ನೊಂದು ಜೀವಕೋಶ ಆ ವೈರಸ್‌ನ ಪ್ರೋಟೀನನ್ನ ತುಂಡು ಮಾಡಿ, ತನ್ನ ಮೈಮೇಲಿರೋ ಎಂಎಚ್‌ಸಿ ಅನ್ನೋ ತಟ್ಟೆಲಿ ಇಟ್ಟು ತೋರಿಸ್ಬೇಕು. ಇದನ್ನ ಕಂಡುಹಿಡಿದಿದ್ದು ಪೀಟರ್ ಡೋಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ, 1970ರ ದಶಕದ ಮೊದಲ ಭಾಗದಲ್ಲಿ, ಎಲ್‌ಸಿಎಂವಿ ಅನ್ನೋ ಇಲಿ ವೈರಸ್ ಇಟ್ಕೊಂಡು, 1996ರಲ್ಲಿ ಇಬ್ರಿಗೂ ನೊಬೆಲ್ ಬಂತು. ಆ ವೈರಸ್‌ನ ಹೆಸರು ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರತ್ತೆ.

ಹೀಗೆ ತೋರಿಸೋ ಕೆಲಸದಲ್ಲಿ ಎಲ್ಲರಿಗಿಂತ ಪಳಗಿದ್ದು ಡೆಂಡ್ರೈಟಿಕ್ ಸೆಲ್. ಸೋಂಕಾದ ಜಾಗದಿಂದ ತುಣುಕು ಹೊತ್ಕೊಂಡು ಹತ್ತಿರದ ಗ್ರಂಥಿಗೆ ಬರತ್ತೆ, ಬಂದು ಮೂರು ಮಾತು ಹೇಳತ್ತೆ ಅನ್ಬಹುದು. ಒಂದು, ನೋಡು ಇದೇ ತುಣುಕು. ಎರಡು, ಇದು ನಿಜವಾದ ಅಪಾಯ, ಇದನ್ನ ಸಿಡಿ28 ಅನ್ನೋ ಇನ್ನೊಂದು ಕೊಂಡಿ ಮೂಲಕ ಹೇಳತ್ತೆ. ಮೂರು, ಅಪಾಯ ಯಾವ ಥರದ್ದು ಅನ್ನೋದು, ಅದಕ್ಕೆ ಇಂಟರ್‌ಲ್ಯೂಕಿನ್-12, ಇಂಟರ್‌ಫೆರಾನ್ ಥರದ ರಾಸಾಯನಿಕಗಳು. ಮೊದಲನೇ ಮಾತು ಮಾತ್ರ ಕೇಳಿಸಿ ಎರಡನೇದು ಕೇಳಿಸ್ಲಿಲ್ಲ ಅಂದ್ರೆ ಆ ಟಿ ಸೆಲ್ ಏಳಲ್ಲ, ಎಷ್ಟೋ ಸಲ ಮಂಕಾಗಿ ಉಳಿಯತ್ತೆ ಇಲ್ಲಾ ಸಾಯತ್ತೆ. ಇದು ಒಳ್ಳೇದೇ, ಇಲ್ಲಾಂದ್ರೆ ಸೋಂಕೇ ಇಲ್ಲದಾಗಲೂ ಅವು ನಮ್ಮ ಅಂಗಾಂಗಗಳ ಮೇಲೇ ಬೀಳ್ತಿದ್ವು.

ಮೂರೂ ಕೇಳಿಸಿದ್ಮೇಲೆ ನಡೆಯೋದು ನಂಬೋಕೆ ಕಷ್ಟ. ಇಲಿಗಳಲ್ಲಿ ಎಲ್‌ಸಿಎಂವಿ ಸೋಂಕಾದಾಗ ಲೆಕ್ಕ ಹಾಕಿದಾರೆ, ಒಂದು ತುಣುಕನ್ನ ಗುರುತಿಸೋ ಸಿಡಿ8 ಅನ್ನೋ ಕೊಲ್ಲೋ ಟಿ ಸೆಲ್‌ಗಳು ಶುರುವಲ್ಲಿ ಒಂದೆರಡು ನೂರು ಇರ್ತವೆ, ಎಂಟನೇ ದಿನಕ್ಕೆ ಸುಮಾರು ಒಂದು ಕೋಟಿ. ಆರೆಂಟು ಗಂಟೆಗೆ ಒಂದು ಸಲ ಒಡೆದ್ರೆ ಅಷ್ಟಾಗೋದೇ. ಈ ಓಟಕ್ಕೆ ತಕ್ಕ ಹಾಗೆ ಸೆಲ್ ಒಳಗಿನ ಅಡುಗೆ ವಿಧಾನವೇ ಬದಲಾಗತ್ತೆ, ಸಕ್ಕರೆಯನ್ನ ಗಬಗಬ ನುಂಗಿ ಅವಸರಕ್ಕೆ ಸುಡತ್ತೆ.

ಕೊಲ್ಲೋದನ್ನ ಒಂದು ಸಲ ಹತ್ತಿರದಿಂದ ನೋಡೋಣ. ಸಿಡಿ8 ಸೆಲ್ ಒಂದು ಸೋಂಕಿತ ಕೋಶದ ಪಕ್ಕ ಬಂದು ಅಂಟ್ಕೊಳ್ಳತ್ತೆ, ಅಂಟಿದ ಜಾಗದಲ್ಲಿ ಎರಡರ ಪೊರೆಯೂ ಬಿಗಿಯಾಗಿ ಸೇರ್ಕೊಳ್ತವೆ, ಒಳಗೆ ಅಲ್ಲಲ್ಲಿ ಚದುರಿದ್ದ ವಿಷದ ಚೀಲಗಳೆಲ್ಲ ಆ ಒಂದೇ ಕಡೆಗೆ ಸರಿದು ಬರ್ತವೆ. ಆಮೇಲೆ ಪರ್‌ಫೊರಿನ್ ಅನ್ನೋ ಪ್ರೋಟೀನ್ ಎದುರಿನ ಪೊರೆಲಿ ತೂತು ಕೊರೆಯತ್ತೆ, ಗ್ರಾನ್‌ಝೈಮ್ ಅನ್ನೋದು ಆ ದಾರಿಲಿ ಒಳಗೆ ಹೋಗಿ ಕೋಶಕ್ಕೆ ನೀನೇ ನಿನ್ನನ್ನ ಮುಗಿಸ್ಕೋ ಅನ್ನೋ ಆಜ್ಞೆ ಕೊಡತ್ತೆ. ಕೋಶ ಗುಳ್ಳೆ ಗುಳ್ಳೆಯಾಗಿ ಕುಗ್ಗಿ ಒಡೆದು ಹೋಗತ್ತೆ, ಟಿ ಸೆಲ್ ಬಿಡಿಸ್ಕೊಂಡು ಮುಂದಿನದ್ದರ ಹತ್ರ ಹೋಗತ್ತೆ. ಇಂಥವು ಕೋಟಿಗಟ್ಟಲೆ ಇದ್ದಾವೆ ಅಂದ್ರೆ, ಸೋಂಕು ಹೋದ ಮೇಲೂ ಹಾಗೇ ಇದ್ರೆ ಏನು ಗತಿ ಅಂತ ಯೋಚನೆ ಮಾಡಿ.

ಅದಕ್ಕೇ ಇಳಿಕೆ. ವೈರಸ್ ಖಾಲಿಯಾದ ಮೇಲಿನ ಕೆಲವು ವಾರದಲ್ಲಿ ಆ ಒಂದು ಕೋಟಿಯಲ್ಲಿ ನೂರಕ್ಕೆ ತೊಂಬತ್ತರಿಂದ ತೊಂಬತ್ತೈದು ಸಾಯ್ತವೆ. ಇದನ್ನ ಯಾರೂ ಹೊರಗಿಂದ ಬಂದು ಮಾಡಲ್ಲ, ಸೆಲ್ ಒಳಗೇ ಬಿಮ್ ಅನ್ನೋ ಸಾವಿನ ಪ್ರೋಟೀನ್ ಮತ್ತು ಬಿಸಿಎಲ್-2 ಅನ್ನೋ ಉಳಿಸೋ ಪ್ರೋಟೀನ್ ಮಧ್ಯೆ ಒಂದು ತಕ್ಕಡಿ ಇರತ್ತೆ. ಸೋಂಕಿನ ಸಮಯದಲ್ಲಿ ಸಿಗ್ತಿದ್ದ ಬೆಂಬಲದ ಸಂಕೇತಗಳು ನಿಂತಾಗ ತಕ್ಕಡಿ ಬಿಮ್ ಕಡೆ ವಾಲತ್ತೆ.

ಹಾಗಾದ್ರೆ ಉಳಿಯೋ ಐದು ಹತ್ತು ಯಾವುವು? ಇದು ಪೂರ್ತಿ ಅದೃಷ್ಟದ ಆಟ ಅಲ್ಲ. ಸೋಂಕು ಜೋರಾಗಿದ್ದಾಗಲೇ ಸೆಲ್‌ಗಳು ಎರಡು ದಾರಿ ಹಿಡಿದಿರ್ತವೆ. ಉರಿಯೂತದ ಸಂಕೇತ, ಅದ್ರಲ್ಲೂ ಇಂಟರ್‌ಲ್ಯೂಕಿನ್-12 ಜಾಸ್ತಿ ಕೇಳಿಸ್ಕೊಂಡ ಸೆಲ್‌ನಲ್ಲಿ ಟಿ-ಬೆಟ್ ಅನ್ನೋ ಸ್ವಿಚ್ ಏರತ್ತೆ, ಅದು ಬಲಿಷ್ಠ ಆಗತ್ತೆ ಆದ್ರೆ ಅಲ್ಪಾಯುಷಿ. ಕಮ್ಮಿ ಕೇಳಿಸ್ಕೊಂಡ ಸೆಲ್ ಇಂಟರ್‌ಲ್ಯೂಕಿನ್-7 ಹಿಡಿಯೋ ಕೊಂಡಿಯನ್ನ ಮೈಮೇಲೆ ಉಳಿಸ್ಕೊಂಡಿರತ್ತೆ, ಗಲಾಟೆ ಅಡಗಿದ ಮೇಲೆ ಆ ಕೊಂಡಿಯೇ ಅದಕ್ಕೆ ಅನ್ನ. ಅಂದ್ರೆ ಸೋಂಕು ಎಬ್ಬಿಸಿದ ಗದ್ದಲದ ಪ್ರಮಾಣವೇ ಯಾರು ಈಗ ಕಾದಾಡಿ ಹೋಗ್ಬೇಕು, ಯಾರು ಅದೇ ಸೋಂಕು ಮತ್ತೆ ಬಂದ್ರೆ ಬೇಗ ಏಳೋಕೆ ನೆನಪಾಗಿ ಉಳೀಬೇಕು ಅಂತ ಪಾಲು ಮಾಡತ್ತೆ. ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ, ಅಷ್ಟು ಹಿಡಿಸಿತ್ತು.

ಉಳಿದವು ಎಷ್ಟು ಕಾಲ ಇರ್ತವೆ ಅನ್ನೋದಕ್ಕೆ ಹಳೇ ಸುಳಿವು ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಿಂದ ಬಂದಿದ್ದು. 1846ರಲ್ಲಿ ಅಲ್ಲಿಗೆ ದಡಾರ ಬಂತು, ಏಳು ಸಾವಿರದ ಏಳುನೂರು ಚಿಲ್ಲರೆ ಜನರಲ್ಲಿ ಸುಮಾರು 6,000 ಜನಕ್ಕೆ ತಗುಲ್ತು. ಡೆನ್ಮಾರ್ಕ್‌ನ ಯುವ ಡಾಕ್ಟರ್ ಪೀಟರ್ ಪನುಮ್ ಅಲ್ಲಿಗೆ ಹೋಗಿ ನೋಡ್ತಾರೆ, ಹಿಂದೆ 1781ರಲ್ಲಿ ದಡಾರ ಬಂದು ವಾಸಿಯಾಗಿದ್ದ ಮುದುಕರಲ್ಲಿ ಒಬ್ರಿಗೂ ಈ ಸಲ ಬಂದಿರ್ಲಿಲ್ಲ. ನಡುವೆ ಅರವತ್ತೈದು ವರ್ಷ ದ್ವೀಪದಲ್ಲಿ ದಡಾರವೇ ಇರ್ಲಿಲ್ಲ. ಅದರಲ್ಲಿ ಆಂಟಿಬಾಡಿಗಳ ಪಾಲೂ ದೊಡ್ಡದಿದೆ, ಟಿ ಸೆಲ್‌ಗಳನ್ನೇ ನೇರವಾಗಿ ಅಳೆದಿದ್ದು ಬಹಳ ಆಮೇಲೆ. ಸಿಡುಬಿನ ಲಸಿಕೆ ತಗೊಂಡವರನ್ನ ಪರೀಕ್ಷೆ ಮಾಡಿದಾಗ ಅವರ ನೆನಪಿನ ಟಿ ಸೆಲ್‌ಗಳು ಅರ್ಧಕ್ಕೆ ಇಳಿಯೋಕೆ ಎಂಟರಿಂದ ಹದಿನೈದು ವರ್ಷ ಹಿಡಿಯತ್ತೆ ಅಂತ 2003ರಲ್ಲಿ ಪ್ರಕಟ ಆಯ್ತು. ಅದೇ 2003ರಲ್ಲಿ ಸಾರ್ಸ್ ಬಂದು ಹುಷಾರಾದವರಲ್ಲಿ ಹದಿನೇಳು ವರ್ಷ ಆದ್ಮೇಲೂ ಆ ವೈರಸ್‌ನ ಗುರುತಿಸೋ ಟಿ ಸೆಲ್‌ಗಳು ಸಿಕ್ವು.

ಈ ನೆನಪಿನ ಸೆಲ್‌ಗಳು ಏನು ಮಾಡ್ತಾ ಕೂತಿರ್ತವೆ ಅಂತ ತಿಳಿಯೋಕೆ ಒಂದು ಚಂದದ ಪ್ರಯೋಗ ಮಾಡಿದ್ರು. ಹಳದಿ ಜ್ವರದ ಲಸಿಕೆ ಅಂದ್ರೆ ಜೀವಂತ ಆದ್ರೆ ದುರ್ಬಲ ಮಾಡಿದ ವೈರಸ್, ಅದನ್ನ ತಗೊಂಡವರಿಗೆ ಭಾರಜಲ ಬೆರೆಸಿದ ನೀರು ಕುಡಿಸಿದ್ರು. ಆ ದಿನಗಳಲ್ಲಿ ಒಡೆದು ಹುಟ್ಟಿದ ಸೆಲ್‌ಗಳ ಡಿಎನ್‌ಎಯಲ್ಲಿ ಭಾರದ ಹೈಡ್ರೋಜನ್ ಗುರುತು ಸೇರ್ಕೊಳ್ಳತ್ತೆ, ಮತ್ತೆ ಒಡೆದ್ರೆ ಗುರುತು ತೆಳುವಾಗತ್ತೆ. ನೋಡಿದ್ರೆ ಮೊದಲ ಎರಡು ವಾರ ಬಿರುಸಾಗಿ ಒಡೆದ ಸೆಲ್‌ಗಳೇ ನೆನಪಾಗಿ ಉಳಿದಿದ್ವು, ಆಮೇಲೆ ವರ್ಷಕ್ಕೆ ಒಂದು ಸಲವೂ ಒಡೀತಿರ್ಲಿಲ್ಲ. ಇಂಟರ್‌ಲ್ಯೂಕಿನ್-7 ಮತ್ತು 15 ತಗೊಂಡು, ಕೊಬ್ಬನ್ನ ನಿಧಾನಕ್ಕೆ ಸುಟ್ಕೊಂಡು ಕಾಯ್ತಾ ಇರ್ತವೆ. ಎಲ್ಲವೂ ರಕ್ತದಲ್ಲೇ ಸುತ್ತಲ್ಲ, ಚರ್ಮ, ಶ್ವಾಸಕೋಶ, ಕರುಳು ಅಂತ ಸೋಂಕು ಬಂದ ಜಾಗದಲ್ಲೇ ಬಿಡಾರ ಹೂಡೋ ಸೆಲ್‌ಗಳೂ ಇದಾವೆ, ಅವು ಅಲ್ಲಿಂದ ಕದಲಲ್ಲ.

ಇಲ್ಲಿವರೆಗೆ ಕೊಲ್ಲೋ ಸಿಡಿ8 ಬಗ್ಗೆ ಜಾಸ್ತಿ ಹೇಳಿದೆ. ಸಿಡಿ4 ಅನ್ನೋ ಸಹಾಯಕ ಟಿ ಸೆಲ್‌ಗಳು ಯಾವ ಸ್ವಭಾವ ತಗೋತವೆ ಅನ್ನೋದನ್ನೂ ಸೋಂಕಿನ ಸುತ್ತಲಿನ ವಾತಾವರಣವೇ ತಿದ್ದತ್ತೆ, ಕೋಶದೊಳಗೆ ಅಡಗೋ ರೋಗಾಣುಗೆ ಒಂದು ಥರ, ಹುಳಗಳಿಗೆ ಇನ್ನೊಂದು ಥರ, ಶಿಲೀಂಧ್ರಕ್ಕೆ ಮತ್ತೊಂದು. ದಾರಿ ತಪ್ಪಿದ್ರೆ ಏನಾಗತ್ತೆ ಅನ್ನೋದಕ್ಕೆ ಕುಷ್ಠರೋಗಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಬ್ಯಾಕ್ಟೀರಿಯಾ ಒಂದೇ. ಒಬ್ರಲ್ಲಿ ಸಿಡಿ4 ಸೆಲ್‌ಗಳು ಇಂಟರ್‌ಫೆರಾನ್-ಗಾಮಾ ಸುರಿಸ್ತವೆ, ಅದ್ರಿಂದ ರೋಗಾಣುಗಳನ್ನ ನುಂಗೋ ಮ್ಯಾಕ್ರೋಫೇಜ್‌ಗಳು ಹುರುಪಾಗಿ ಬ್ಯಾಕ್ಟೀರಿಯಾನ ಹಿಡಿತದಲ್ಲಿ ಇಡ್ತವೆ, ಚರ್ಮದ ಮೇಲೆ ಸ್ಪರ್ಶ ಇಲ್ಲದ ಒಂದೆರಡು ಮಚ್ಚೆಗೇ ಕಾಯಿಲೆ ನಿಲ್ಲತ್ತೆ, ಆದ್ರೆ ಅದೇ ಹೊಡೆದಾಟದಲ್ಲಿ ನರಕ್ಕೂ ಏಟು. ಇನ್ನೊಬ್ರಲ್ಲಿ ಇಂಟರ್‌ಲ್ಯೂಕಿನ್-4, 10 ಕಡೆ ವಾಲಿದ ಸೆಲ್‌ಗಳು, ಬ್ಯಾಕ್ಟೀರಿಯಾಗೆ ತಡೆಯೇ ಇಲ್ಲ, ಚರ್ಮದ ತುಂಬ ಹರಡತ್ತೆ.

ಸೋಂಕು ನೆನಪನ್ನ ಕೊಡೋದಷ್ಟೇ ಮಾಡಲ್ಲ, ಕಿತ್ಕೊಳ್ಳೋದೂ ಇದೆ. ಟಿಬಿ ಗೊತ್ತಾಗೋಕೆ ಮುಂಗೈ ಚರ್ಮದೊಳಗೆ ಒಂದು ಚುಚ್ಚುಮದ್ದು ಕೊಟ್ಟು ಎರಡು ಮೂರು ದಿನ ಆದ್ಮೇಲೆ ಊತವನ್ನ ಸ್ಕೇಲ್ ಇಟ್ಟು ಅಳೀತಾರಲ್ಲ, ಆ ಊತ ಇದೆಯಲ್ಲ, ಅದು ನೆನಪಿನ ಟಿ ಸೆಲ್‌ಗಳು ಆ ಜಾಗಕ್ಕೆ ಬಂದು ಸೇರಿದ ಗುರುತು, ಬರಿಗಣ್ಣಿಗೆ ಟಿ ಸೆಲ್ ಕೆಲಸ ಕಾಣೋ ಅಪರೂಪದ ಸಂದರ್ಭ. 1908ರಲ್ಲಿ ಕ್ಲೆಮೆನ್ಸ್ ಫಾನ್ ಪಿರ್ಕೆ ಅನ್ನೋ ಡಾಕ್ಟರ್ ಗಮನಿಸಿದ್ದು ಏನಂದ್ರೆ, ಇಂಥದ್ದೇ ಪರೀಕ್ಷೆಲಿ ಊತ ಬರ್ತಿದ್ದ ಮಕ್ಕಳಿಗೆ ದಡಾರ ಬಂದಾಗ ಊತವೇ ಮಾಯ. ಟಿ ಸೆಲ್ ಅನ್ನೋ ಹೆಸರೇ ಇಲ್ಲದ ಕಾಲದಲ್ಲಿ! ಈಗ ಕಾರಣ ಗೊತ್ತು, ದಡಾರದ ವೈರಸ್ ಸಿಡಿ150 ಅನ್ನೋ ಬಾಗಿಲಿಂದ ಒಳಗೆ ನುಗ್ಗತ್ತೆ, ಆ ಬಾಗಿಲು ನೆನಪಿನ ಟಿ ಸೆಲ್‌ಗಳಲ್ಲಿ ಮತ್ತು ಆಂಟಿಬಾಡಿ ತಯಾರಿಸೋ ಜಾತಿಯ ನೆನಪಿನ ಬಿ ಸೆಲ್‌ಗಳಲ್ಲಿ ಜಾಸ್ತಿ. ಹೊಸದಾಗಿ ದಡಾರದ ವಿರುದ್ಧ ಸೆಲ್‌ಗಳು ಹುಟ್ಟಿ ಒಟ್ಟು ಲೆಕ್ಕ ತುಂಬತ್ತೆ, ರಕ್ತ ಪರೀಕ್ಷೆಲಿ ಸಂಖ್ಯೆ ಸರಿಯಾಗೇ ಕಾಣತ್ತೆ, ಆದ್ರೆ ಹಳೇ ಕಾಯಿಲೆಗಳ ನೆನಪು ಹೋಗಿರತ್ತೆ. ಲಸಿಕೆ ಹಾಕಿಸದ ಮಕ್ಕಳಲ್ಲಿ ದಡಾರ ಆದ್ಮೇಲೆ ಬೇರೆ ರೋಗಾಣುಗಳ ವಿರುದ್ಧ ಇದ್ದ ಆಂಟಿಬಾಡಿಗಳ ಸಂಗ್ರಹದಲ್ಲಿ ನೂರಕ್ಕೆ 11ರಿಂದ 73ರಷ್ಟು ಕಳೆದುಹೋಗಿದ್ದು 2019ರಲ್ಲಿ ಕಂಡುಬಂತು. ದಡಾರದ ಲಸಿಕೆ ಬರೀ ದಡಾರಕ್ಕೆ ಅಂತ ಅಂದ್ಕೊಂಡಿರೋ ಅಪ್ಪ ಅಮ್ಮಂದಿರಿಗೆ ಇದನ್ನ ದಯವಿಟ್ಟು ಹೇಳಿ, ಅದು ಉಳಿದ ಎಲ್ಲ ನೆನಪುಗಳನ್ನೂ ಕಾಯ್ತಾ ಇದೆ.

ಜಾಗ ಹಿಡ್ಕೊಂಡು ಬಿಡೋ ಸೋಂಕುಗಳೂ ಇವೆ. ಸಿಎಂವಿ ಅನ್ನೋ ಹರ್ಪಿಸ್ ಜಾತಿಯ ವೈರಸ್ ಒಂದು ಸಲ ಬಂದ್ರೆ ಜೀವನಪರ್ಯಂತ ಒಳಗೇ ಇರತ್ತೆ, ಬಹಳ ಜನಕ್ಕೆ ಇರೋದೇ ಗೊತ್ತಾಗಲ್ಲ. ಆಗಾಗ ಅದು ತಲೆ ಎತ್ತತ್ತೆ, ಟಿ ಸೆಲ್‌ಗಳು ತಟ್ಟಿ ಮಲಗಿಸ್ತವೆ, ಹೀಗೆ ವರ್ಷಗಟ್ಟಲೆ ನಡೆದು ಅದೊಂದು ವೈರಸ್‌ಗೆ ಮೀಸಲಾದ ಸೆಲ್‌ಗಳು ರಕ್ತದಲ್ಲಿರೋ ಒಟ್ಟು ನೆನಪಿನ ಟಿ ಸೆಲ್‌ಗಳಲ್ಲಿ ಸರಾಸರಿ ನೂರಕ್ಕೆ ಹತ್ತರಷ್ಟಾಗ್ತವೆ. ಇದನ್ನೆಲ್ಲ ಯೋಚಿಸಿದ್ರೆ ಪ್ರಯೋಗಾಲಯದ ಸ್ವಚ್ಛ ಇಲಿಗಳನ್ನ ನೋಡಿ ಮನುಷ್ಯರ ಬಗ್ಗೆ ಎಷ್ಟು ಹೇಳ್ಬಹುದು ಅನ್ನೋ ಅನುಮಾನ ಬರತ್ತೆ, ಬರಬೇಕು ಕೂಡ. 2016ರಲ್ಲಿ ಸಾಕುಪ್ರಾಣಿ ಅಂಗಡಿ ಇಲಿಗಳ ಜೊತೆ ಲ್ಯಾಬ್ ಇಲಿಗಳನ್ನ ಒಂದೇ ಪಂಜರದಲ್ಲಿ ಇಟ್ರು. ಅದಕ್ಕೂ ಮೊದಲು ಲ್ಯಾಬ್ ಇಲಿಗಳ ಟಿ ಸೆಲ್‌ಗಳು ಆಗ ಹುಟ್ಟಿದ ಮಗುವಿನ ಥರ ಇದ್ವು, ಜೊತೆಗಿದ್ದ ಇಲಿಗಳ ಸೋಂಕೆಲ್ಲ ತಗುಲಿ, ಕೆಲವು ಸತ್ತು, ಬದುಕಿದವುಗಳ ಟಿ ಸೆಲ್‌ಗಳು ವಯಸ್ಕ ಮನುಷ್ಯರದ್ದಕ್ಕೆ ಹತ್ತಿರ ಬಂದ್ವು.

ಈಗ ಸುಸ್ತಿನ ವಿಷಯ, ನನ್ನ ಲೆಕ್ಕದಲ್ಲಿ ಇಡೀ ವಿಷಯದ ತಿರುಳು ಇದೇ. ಎಲ್‌ಸಿಎಂವಿ ನೆನಪಿದೆಯಲ್ಲ, ಅದರಲ್ಲಿ ಎರಡು ತಳಿ. ಆರ್ಮ್‌ಸ್ಟ್ರಾಂಗ್ ಅನ್ನೋದು ವಾರದಲ್ಲಿ ಖಾಲಿ, ಕ್ಲೋನ್ 13 ಅನ್ನೋದು ತಿಂಗಳುಗಟ್ಟಲೆ ಬಿಡಲ್ಲ, ಎರಡರ ಮಧ್ಯೆ ವ್ಯತ್ಯಾಸ ಬೆರಳೆಣಿಕೆಯ ಅಮೈನೋ ಆಮ್ಲ ಅಷ್ಟೇ. ಕ್ಲೋನ್ 13 ಬಂದ ಇಲಿಗಳಲ್ಲಿ ಟಿ ಸೆಲ್‌ಗಳು ಇರ್ತವೆ, ಎಣಿಸಿದ್ರೆ ಸಿಗ್ತವೆ, ಆದ್ರೆ ಕೆಲಸ ಮಾಡಲ್ಲ, ಇದನ್ನ 1990ರ ದಶಕದಲ್ಲಿ ಗುರುತಿಸಿದ್ರು. ಕೆಲಸ ನಿಲ್ಲೋದೂ ಒಂದೇ ಏಟಿಗಲ್ಲ, ಮೊದಲು ಇಂಟರ್‌ಲ್ಯೂಕಿನ್-2 ತಯಾರಿ ನಿಲ್ಲತ್ತೆ, ಆಮೇಲೆ ಟಿಎನ್‌ಎಫ್ ಅನ್ನೋ ಉರಿಯೂತದ ಪ್ರೋಟೀನ್, ಕೊನೇಲಿ ಇಂಟರ್‌ಫೆರಾನ್-ಗಾಮಾ. ಹೆಪಟೈಟಿಸ್ ಸಿ, ಎಚ್‌ಐವಿ ಥರದ ದೀರ್ಘ ಸೋಂಕಲ್ಲೂ, ಕ್ಯಾನ್ಸರ್ ಗಡ್ಡೆ ಒಳಗೂ ಇದೇ ಚಿತ್ರ.

ಈ ಸೆಲ್‌ಗಳ ಮೈಮೇಲೆ ಪಿಡಿ-1 ಅನ್ನೋ ಬ್ರೇಕ್ ತುಂಬ ಇರತ್ತೆ, ತಾಸುಕು ಹೊಂಜೊ ಅವರ ಲ್ಯಾಬ್ 1992ರಲ್ಲಿ ಕಂಡುಹಿಡಿದಿದ್ದು. 2006ರಲ್ಲಿ ಆ ಬ್ರೇಕನ್ನ ತಡೆದು ನೋಡಿದಾಗ ಸುಸ್ತಾದ ಸೆಲ್‌ಗಳು ಮತ್ತೆ ಎದ್ವು, ವೈರಸ್ ಇಳೀತು. ಇದೇ ಯೋಚನೆ ಮೇಲೆ ನಿಂತ ಕ್ಯಾನ್ಸರ್ ಔಷಧಿಗಳು ಇವತ್ತು ಬಳಕೆಲಿವೆ, ಹೊಂಜೊ ಮತ್ತು ಜೇಮ್ಸ್ ಆಲಿಸನ್‌ಗೆ 2018ರ ನೊಬೆಲ್ ಬಂತು. ಆದ್ರೆ ಅದೇ 2006ರ ಕೆಲಸದಲ್ಲಿ ಇನ್ನೊಂದು ಸಾಲಿದೆ, ಅದನ್ನ ಜನ ಅಷ್ಟು ಹೇಳಲ್ಲ. ಹುಟ್ಟಿನಿಂದಲೇ ಈ ಬ್ರೇಕ್ ಒತ್ತೋ ಪಿಡಿ-ಎಲ್1 ಇಲ್ಲದ ಇಲಿಗಳಿಗೆ ಕ್ಲೋನ್ 13 ಕೊಟ್ಟಾಗ ಅವು ಸತ್ತವು, ಕೊಂದಿದ್ದು ಅವುಗಳ ಸ್ವಂತ ಟಿ ಸೆಲ್‌ಗಳ ಆರ್ಭಟ. 2019ರಲ್ಲಿ ಈ ಸುಸ್ತಿನ ಹಿಂದಿರೋ ಮುಖ್ಯ ಸ್ವಿಚ್ ಟಾಕ್ಸ್ ಅನ್ನೋ ಪ್ರೋಟೀನ್ ಅಂತ ಗೊತ್ತಾಯ್ತು, ಅದನ್ನ ತೆಗೆದ್ರೆ ಟಿ ಸೆಲ್‌ಗಳು ಸ್ವಲ್ಪ ದಿನ ಜೋರು ಮಾಡಿ ಆಮೇಲೆ ಪೂರ್ತಿ ಅಳಿದು ಹೋಗ್ತವೆ. ಅಂದ್ರೆ ಸುಸ್ತು ಅಂತ ನಾವು ಕರೆಯೋದು ಕೆಟ್ಟುಹೋದ ಯಂತ್ರ ಅಲ್ವೇ ಅಲ್ಲ, ಮುಗಿಯದ ಸೋಂಕಿನ ಎದುರು ಮನೆಯನ್ನೂ ಸುಡದೆ ತಾನೂ ಸಾಯದೆ ಬಾಳೋಕೆ ಸೆಲ್ ಹಿಡಿದ ಮಧ್ಯದ ದಾರಿ. ಒಂದು ಸಲ ಆ ದಾರಿ ಹಿಡಿದ್ರೆ ವಾಪಸ್ ಬರೋದು ಸುಲಭ ಇಲ್ಲ, ಹೆಪಟೈಟಿಸ್ ಸಿ ಮಾತ್ರೆಗಳಿಂದ ಪೂರ್ತಿ ವಾಸಿಯಾದವರಲ್ಲೂ ಆ ಟಿ ಸೆಲ್‌ಗಳ ಡಿಎನ್‌ಎ ಮಡಿಕೆಗಳಲ್ಲಿ ಹಳೇ ಸುಸ್ತಿನ ಗುರುತು ಉಳಿದೇ ಇರತ್ತೆ.

ಎಚ್‌ಐವಿ ಮಾಡೋದು ಇದೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ, ಯಾಕಂದ್ರೆ ಅದು ಸೇರ್ಕೊಳ್ಳೋದೇ ಸಿಡಿ4 ಟಿ ಸೆಲ್ ಒಳಗೆ. ಸೋಂಕಾದ ಕೆಲವೇ ವಾರದಲ್ಲಿ ಕರುಳಿನ ಸಿಡಿ4 ಸೆಲ್‌ಗಳು ಬಹುಪಾಲು ಖಾಲಿ. ಲಿಂಫ್ ಗ್ರಂಥಿಗಳಲ್ಲಿ ಸಾಯೋವುಗಳಲ್ಲಿ ಹೆಚ್ಚಿನವು ವೈರಸ್ ಪೂರ್ತಿ ಬೆಳೆದ ಸೆಲ್‌ಗಳಲ್ಲ, ವೈರಸ್ ಒಳಗೆ ಬಂದು ಅರ್ಧಕ್ಕೆ ನಿಂತ ಸೆಲ್‌ಗಳು, ಅವು ಆ ಅರ್ಧ ಡಿಎನ್‌ಎ ತುಂಡನ್ನ ಪತ್ತೆ ಹಚ್ಚಿ ಉರಿಯೂತ ಎಬ್ಬಿಸ್ಕೊಂಡು ಸಿಡಿದು ಸಾಯ್ತವೆ, ಆ ಉರಿಗೆ ಪಕ್ಕದ ಆರೋಗ್ಯವಂತ ಸೆಲ್‌ಗಳೂ ಬಂದು ಸೇರಿ ಅವಕ್ಕೂ ತಗುಲತ್ತೆ. ರಕ್ತದ ಒಂದು ಮೈಕ್ರೋಲೀಟರ್‌ನಲ್ಲಿ ಸಿಡಿ4 ಲೆಕ್ಕ 200ಕ್ಕಿಂತ ಕೆಳಗೆ ಇಳಿದ್ರೆ ಏಡ್ಸ್ ಅಂತಾರೆ. ಮಾತ್ರೆ ಶುರು ಮಾಡಿದ್ರೆ ಲೆಕ್ಕ ಏರತ್ತೆ, ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿಯತ್ತೆ, ಜನ ತುಂಬು ಆಯಸ್ಸು ಬದುಕ್ತಾರೆ. ಆದ್ರೆ ಒಂದಷ್ಟು ಸೆಲ್‌ಗಳು ವೈರಸ್‌ನ ಡಿಎನ್‌ಎ ತಮ್ಮ ಡಿಎನ್‌ಎ ಜೊತೆ ಹೊಲ್ಕೊಂಡು ನೆನಪಿನ ಸೆಲ್‌ಗಳಾಗಿ ಮಲಗಿಬಿಟ್ಟಿರ್ತವೆ. ಸಿಡುಬಿನ ನೆನಪನ್ನ ದಶಕಗಟ್ಟಲೆ ಕಾಪಾಡೋ ಅದೇ ಇಂಟರ್‌ಲ್ಯೂಕಿನ್-7, ಅದೇ ಬಿಸಿಎಲ್-2, ಅದೇ ನಿಧಾನದ ಉಸಿರು ಇವನ್ನೂ ಕಾಪಾಡತ್ತೆ. ಈ ಬಚ್ಚಿಟ್ಟ ಸೆಲ್‌ಗಳು ಅರ್ಧಕ್ಕೆ ಇಳಿಯೋಕೇ ಸುಮಾರು 44 ತಿಂಗಳು ಬೇಕು, ಆ ಲೆಕ್ಕದಲ್ಲಿ ಪೂರ್ತಿ ಖಾಲಿ ಆಗೋಕೆ ಎಪ್ಪತ್ತು ವರ್ಷದ ಮೇಲೆ, ಹಾಗಾಗಿ ಮಾತ್ರೆ ನಿಲ್ಲಿಸಿದ್ರೆ ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಅವುಗಳಲ್ಲಿ ಯಾವುದೋ ಒಂದು ಎಚ್ಚರ ಆಗಿ ವೈರಸ್ ಮತ್ತೆ ರಕ್ತಕ್ಕೆ ಬರತ್ತೆ.